ಯಂತ್ರಕ್ಕೆ ಹಾರ, ಹುಡುಗನಿಗೆ ಊರಿನ ಬಸ್ಸು

ಈ ಸಂಚಿಕೆಯ ನಡುಪುಟದಲ್ಲಿ ಒಂದು ಛಾಯಾಚಿತ್ರವಿದೆ. ನಗರದ ಧರ್ಮಾರ್ಥ ಆಸ್ಪತ್ರೆಯೊಂದಕ್ಕೆ ನಮ್ಮ ದಾನಿಗಳು ಕೊಟ್ಟ ಎರಡು ಡಯಾಲಿಸಿಸ್ ಯಂತ್ರಗಳ ಚಿತ್ರ. ಯಂತ್ರಗಳಿಗೆ ಚೆಂಡುಹೂವಿನ ಹಾರ ಹಾಕಿದೆ, ಕುಂಕುಮ ಹಚ್ಚಿದೆ, ಕಾಯಿ ಒಡೆದಿದೆ. ಹಿಂದೆ ಹನ್ನೊಂದು ಮಂದಿ ಮಹನೀಯರು ಶಾಲು ಹೊದ್ದು ನಿಂತಿದ್ದಾರೆ. ಅದೇ ಸಂಚಿಕೆಯ ಕೊನೆಯ ಪುಟದಲ್ಲಿ, ಗೆರೆ ಎಳೆದ ಚೌಕದೊಳಗೆ, 'ಸಹೃದಯರಲ್ಲಿ ವಿನಂತಿ' ಎಂಬ ತಲೆಬರಹದ ಕೆಳಗೆ ಇನ್ನೊಂದು ವಿಷಯವಿದೆ. 38 ವರ್ಷದ ಹೋಟೆಲ್ ಕಾರ್ಮಿಕ. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ಹೆಂಡತಿ ಊರಿನಲ್ಲಿ ಬೀಡಿ ಕಟ್ಟುತ್ತಾಳೆ. ಮಕ್ಕಳಿಬ್ಬರು ಶಾಲೆಗೆ ಹೋಗುತ್ತಾರೆ. ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು. ಉದಾರಿಗಳು ಕೈಲಾದಷ್ಟು ಕೊಡಬೇಕು.

ಎರಡನ್ನೂ ಅಚ್ಚುಹಾಕಿದವರು ನಾವೇ. ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಅಚ್ಚುಹಾಕಿದ್ದೇವೆ. ಸಂಬಂಧವಿದೆ. ಅದನ್ನು ಹೇಳಹೊರಟರೆ ಸಂಘದ ಹಿತೈಷಿಗಳಲ್ಲೇ ಕೆಲವರಿಗೆ ಕಹಿಯಾದೀತೆಂದು ನಮಗೆ ಗೊತ್ತು. ಜಾಹೀರಾತು ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲವೆಂದು ಸಂಪಾದಕ ಮಂಡಳಿ ತೀರ್ಮಾನಿಸಿದ ಮೇಲೆಯೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಈ ಕಾಯಿಲೆಯ ಸ್ವಭಾವವನ್ನು ತಿಳಿಯಬೇಕು. ಅಪೆಂಡಿಕ್ಸ್ ಆದರೆ ಒಮ್ಮೆ ಕೊಯ್ದರೆ ಮುಗಿಯಿತು. ಸಂಘದವರು ಚಂದಾ ಎತ್ತಿ ಕೊಟ್ಟರೆ ರೋಗಿ ಎದ್ದು ನಡೆಯುತ್ತಾನೆ. ಮೂತ್ರಪಿಂಡ ಪೂರ್ತಿ ಸೋತವನಿಗೆ ಹಾಗಲ್ಲ. ರಕ್ತದಲ್ಲಿ ಸೇರುವ ಕಶ್ಮಲವನ್ನೂ ನೀರನ್ನೂ ಯಂತ್ರದ ಮೂಲಕ ತೆಗೆಯಬೇಕು. ಒಂದು ಸಲಕ್ಕೆ ನಾಲ್ಕು ಗಂಟೆ. ಸುಮಾರು 120 ಲೀಟರು ಶುದ್ಧೀಕರಿಸಿದ ನೀರು ಬೇಕು. ವಾರಕ್ಕೆ ಮೂರು ಸಲವೆನ್ನುವುದು ವೈದ್ಯರ ಲೆಕ್ಕ, ಎರಡು ಸಲವೆನ್ನುವುದು ನಮ್ಮ ಬಡವರ ಜೇಬಿನ ಲೆಕ್ಕ. ಮೂರರಂತೆ ವರ್ಷಕ್ಕೆ 156 ಸಲ, ಎರಡರಂತೆ 104 ಸಲ. ಮೂತ್ರಪಿಂಡ ಬದಲಿಸುವವರೆಗೆ, ಇಲ್ಲವೇ ಉಸಿರಿರುವವರೆಗೆ, ಇದು ನಿಲ್ಲುವಂತಿಲ್ಲ. ಎರಡು ವಾರ ತಪ್ಪಿದರೆ ಮುಖ ಊದುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಕರಾವಳಿಯವನಿಗೆ ಎಳನೀರು ವಿಷ ಎಂದು ಹೇಳಿ ನಂಬಿಸುವುದೇ ಒಂದು ಕಷ್ಟ; ಈ ರೋಗಿಗೆ ಅದು ನಿಜವಾಗಿಯೂ ವಿಷವೇ.

ಇಂಥ ಕಾಯಿಲೆಯವನಿಗೆ ನಾವು ಸಂಘದಿಂದ 5,000 ರೂಪಾಯಿಯ ಚೆಕ್ಕು ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕೇಂದ್ರದ ಅರ್ಥಸಚಿವರು 2016ರ ಮುಂಗಡಪತ್ರದ ಭಾಷಣದಲ್ಲಿ ಹೇಳಿದ ಲೆಕ್ಕದ ಪ್ರಕಾರ ಒಂದು ಸಲದ ಖರ್ಚು ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷಕ್ಕೂ ಮೇಲೆ. ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆಂದೂ, ಬೇಡಿಕೆಯ ಅರ್ಧದಷ್ಟು ಮಾತ್ರ ಪೂರೈಕೆಯಾಗುತ್ತಿದೆಯೆಂದೂ ಅವರೇ ಅಂದು ಲೋಕಸಭೆಗೆ ತಿಳಿಸಿದ್ದರು. ನಮ್ಮ ಐದು ಸಾವಿರ ಎರಡೂವರೆ ಸಲಕ್ಕೆ ಆಗುತ್ತದೆ. ಆ ಅರ್ಧ ಸಲವನ್ನು ಯಾವ ಡಾಕ್ಟರೂ ಮಾಡುವುದಿಲ್ಲ.

ಇನ್ನು ಯಂತ್ರದಾನ. ಒಂದು ಯಂತ್ರ ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ ನಡೆದರೆ 18 ಸರದಿ. ವಾರಕ್ಕೆ ಮೂರು ಸಲದವರಾದರೆ ಆರು ಮಂದಿಗೆ ಆಯಿತು. ಎರಡು ಯಂತ್ರವೆಂದರೆ ಹನ್ನೆರಡು ಮಂದಿ. ದೊಡ್ಡ ಉಪಕಾರವೇ, ಇಲ್ಲವೆನ್ನುವುದಿಲ್ಲ. ಆದರೆ ಯಂತ್ರ ತಾನಾಗಿ ನಡೆಯುವುದಿಲ್ಲ. ರಕ್ತ ಸೋಸುವ ಕೊಳವೆ ಬೇಕು, ನಳಿಕೆ ಬೇಕು, ಸೂಜಿ ಬೇಕು, ನೀರು ಶುದ್ಧಮಾಡುವ ಸ್ಥಾವರದ ಪೊರೆಗಳನ್ನು ಕಾಲಕಾಲಕ್ಕೆ ಬದಲಿಸಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮೂರು ಪಾಳಿಗೂ ಕಲಿತ ತಂತ್ರಜ್ಞ ಬೇಕು, ಅವನಿಗೆ ತಿಂಗಳ ಮೊದಲ ವಾರ ಸಂಬಳ ಬೇಕು. ಇವಕ್ಕೆ ದಾನಿಗಳು ಸಿಗುವುದಿಲ್ಲ. ಏಕೆಂದರೆ ಸೂಜಿಯ ಮೇಲೆ ತಂದೆತಾಯಿಯ ಹೆಸರು ಕೆತ್ತಿಸುವಂತಿಲ್ಲ. ಯಂತ್ರ ಮೂಲೆಯಲ್ಲಿ ಕುಳಿತು ಅದರ ಮೇಲಿನ ಅಮೃತಶಿಲೆಯ ಫಲಕ ಮಾತ್ರ ಹೊಳೆಯುತ್ತಿರುವ ಆಸ್ಪತ್ರೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸರಕಾರದ್ದೂ ಇದೇ ಹಾಡು. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳ ಗುತ್ತಿಗೆ ಸಿಬ್ಬಂದಿ ಸಂಬಳದ ಬಾಕಿಗಾಗಿ ಮುಷ್ಕರ ಹೂಡಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ರೋಗಿ ನಾಲ್ಕು ಗಂಟೆಗೆ ಎದ್ದು ಬಸ್ಸು ಹಿಡಿದು ಬಂದರೆ ಬಾಗಿಲಿಗೆ ಬೀಗ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಡಯಾಲಿಸಿಸ್ ಯಂತ್ರವನ್ನು ಮೊದಲು ಕಟ್ಟಿದವನು ಹಾಲೆಂಡಿನ ವಿಲೆಮ್ ಕೊಲ್ಫ್ ಎಂಬ ವೈದ್ಯ. 1943ರಲ್ಲಿ, ಜರ್ಮನರು ಅವನ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ, ಮಾಂಸ ತುಂಬಲು ಬಳಸುವ ಸೆಲೊಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ ಕಟ್ಟಿದ. ಆದರೆ ಅದು ಕೆಲವು ದಿನಗಳ ಮಟ್ಟಿಗೆ ಮಾತ್ರ ಆಗುವ ಚಿಕಿತ್ಸೆಯಾಗಿತ್ತು, ಪ್ರತಿ ಸಲ ಹೊಸ ರಕ್ತನಾಳ ಚುಚ್ಚಬೇಕಾಗಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬಾತ ಟೆಫ್ಲಾನ್ ನಳಿಕೆಯನ್ನು ಕೈಯಲ್ಲೇ ಶಾಶ್ವತವಾಗಿ ಇರಿಸುವ ಉಪಾಯ ಕಂಡುಹಿಡಿದ ಮೇಲೆ ರೋಗಿ ವರ್ಷಗಟ್ಟಲೆ ಬದುಕುವಂತಾಯಿತು. ಆಗ ಹೊಸ ಪೇಚು ಬಂತು. ಯಂತ್ರ ಕೆಲವೇ, ರೋಗಿಗಳು ನೂರಾರು. ಯಾರನ್ನು ಉಳಿಸುವುದು? ಸಿಯಾಟಲಿನವರು ಏಳು ಜನರ ಒಂದು ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಇವರು ಕುಳಿತು, ಯಾರಿಗೆ ಎಷ್ಟು ಮಕ್ಕಳು, ಯಾರಿಗೆ ಉದ್ಯೋಗ, ಯಾರು ಚರ್ಚಿಗೆ ಹೋಗುತ್ತಾರೆ ಎಂದೆಲ್ಲ ವಿಚಾರಿಸಿ, ಇವನು ಬದುಕಲಿ, ಅವನು ಸಾಯಲಿ ಎಂದು ತೀರ್ಮಾನಿಸುತ್ತಿದ್ದರು. 1962ರ ನವೆಂಬರಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಲೇಖಕಿ ಇದನ್ನು ಬರೆದಾಗ ದೇಶವೇ ಬೆಚ್ಚಿತು. ಹತ್ತು ವರ್ಷ ಹಿಡಿಯಿತು. 1972ರಲ್ಲಿ ಅಲ್ಲಿನ ಸರಕಾರ ಕಾನೂನು ಮಾಡಿ, ಮೂತ್ರಪಿಂಡ ಸೋತವರ ಚಿಕಿತ್ಸೆಯನ್ನು ಹೆಚ್ಚುಕಡಿಮೆ ಎಲ್ಲರಿಗೂ ಸಾರ್ವಜನಿಕ ವಿಮೆಯ ಕೆಳಗೆ ತಂದಿತು.

ನಮ್ಮಲ್ಲೂ ಅಂಥ ಸಮಿತಿಯಿದೆ. ಅದರ ಸದಸ್ಯರು ಮುಖ ತೋರಿಸುವುದಿಲ್ಲ, ಅಷ್ಟೇ. ಒಬ್ಬ ಸದಸ್ಯ ಪಡಿತರ ಚೀಟಿ. ಇನ್ನೊಬ್ಬ ಡೊಂಬಿವಲಿಯಿಂದ ಪರೇಲಿಗೆ ಬರುವ ಲೋಕಲ್ ಗಾಡಿ. ಮೂರನೆಯವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಧಣಿಗಳು. ಈ ಮೂರನೆಯವರ ಬಗ್ಗೆಯೇ ನಮ್ಮ ಮಾತು ಹೆಚ್ಚು. ಮೊದಲಿನವರನ್ನು ಬೇಗ ಮುಗಿಸುತ್ತೇವೆ.

ಸರಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು. ಜಿಲ್ಲಾಸ್ಪತ್ರೆ ಜಾಗ, ನೀರು, ವಿದ್ಯುತ್ತು ಕೊಡುತ್ತದೆ. ಖಾಸಗಿಯವರು ಯಂತ್ರ ತಂದು ನಡೆಸುತ್ತಾರೆ. ಬಡತನದ ರೇಖೆಯ ಕೆಳಗಿನವರಿಗೆ ಉಚಿತ. 2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಯೋಜನೆ ಬಂತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆಯಿದೆ, ಕರ್ನಾಟಕದಲ್ಲಿ ಅಲ್ಲಿನದಿದೆ. ಕಾಗದದ ಮೇಲೆ ನೋಡಿದರೆ ನಮ್ಮ 38 ವರ್ಷದವನು ಯಾವುದಾದರೊಂದು ಬಲೆಯಲ್ಲಿ ಬೀಳಲೇಬೇಕು. ಬೀಳುವುದಿಲ್ಲ. ಆಯುಷ್ಮಾನ್ ಪಟ್ಟಿ ಆಧರಿಸಿದ್ದು 2011ರ ಗಣತಿಯನ್ನು. ಗಣತಿಯವರು ಊರಿನ ಮನೆಗೆ ಬಂದಾಗ ಇವನು ಮುಂಬಯಿಯಲ್ಲಿ ತಟ್ಟೆ ತೊಳೆಯುತ್ತಿದ್ದ, ಮುಂಬಯಿಯಲ್ಲಿ ಎಣಿಸುವವರು ಹೋಟೆಲಿನ ಮಾಳಿಗೆ ಹತ್ತಲಿಲ್ಲ. ಮಹಾರಾಷ್ಟ್ರದ ಯೋಜನೆಗೆ ಇಲ್ಲಿನ ಪಡಿತರ ಚೀಟಿಯನ್ನೋ ಅಧಿವಾಸದ ಪ್ರಮಾಣಪತ್ರವನ್ನೋ ತೋರಿಸಬೇಕು. ಇವನ ಚೀಟಿ ಊರಿನಲ್ಲಿ ಹೆಂಡತಿಯ ಪೆಟ್ಟಿಗೆಯಲ್ಲಿದೆ, ಅವಳಿಗೆ ಅಕ್ಕಿ ಬರಬೇಕಲ್ಲ. ಹೋಟೆಲಿನ ವಿಳಾಸಕ್ಕೆ ಪತ್ರ ಬರೆದುಕೊಡಿ ಎಂದರೆ ಮಾಲಿಕರು ಹಿಂಜರಿಯುತ್ತಾರೆ. ಒಂದು ದೇಶ, ಒಂದು ಪಡಿತರ ಎಂಬ ಹೆಸರಿನಲ್ಲಿ ಅಕ್ಕಿಗೆ ರಾಜ್ಯದ ಗಡಿ ಇಲ್ಲವಾಯಿತು. ರಕ್ತ ಸೋಸುವುದಕ್ಕೆ ಇನ್ನೂ ಇದೆ.

ಹಾಗಾಗಿ ಅವನಿಗೆ ಸಿಗುವ ಸಲಹೆ ಒಂದೇ: "ಊರಿಗೆ ಹೋಗು ಮಾರಾಯ, ಅಲ್ಲಿ ತಾಲೂಕು ಆಸ್ಪತ್ರೆಯಲ್ಲಿ ಉಚಿತವಂತೆ." ರಾತ್ರಿಯ ಬಸ್ಸಿಗೆ ಟಿಕೆಟು ತೆಗೆದುಕೊಟ್ಟು, ಕೈಗೆ ಎರಡು ತಿಂಗಳ ಸಂಬಳ ಕೊಟ್ಟು ಕಳಿಸುತ್ತಾರೆ. ಕಳಿಸಿದವರು ಕೆಟ್ಟವರಲ್ಲ, ಕಣ್ಣಲ್ಲಿ ನೀರು ತಂದುಕೊಂಡೇ ಕಳಿಸುತ್ತಾರೆ. ಆದರೆ ಅಲ್ಲಿ ಸರದಿಗೆ ಕಾಯಬೇಕು, ಸರದಿ ಸಿಗುವವರೆಗೆ ಖಾಸಗಿಯಲ್ಲಿ ಮಾಡಿಸಬೇಕು. ಡಯಾಲಿಸಿಸ್ ಉಚಿತವಾದರೂ ರಕ್ತ ಹೆಚ್ಚಿಸುವ ಚುಚ್ಚುಮದ್ದು, ಕೈಯ ಶಸ್ತ್ರಕ್ರಿಯೆ, ರಿಕ್ಷಾ, ಜೊತೆಗೆ ಬರುವವರ ಒಂದು ದಿನದ ಕೂಲಿ, ಇವು ಉಚಿತವಲ್ಲ. ಬೀಡಿ ಕಟ್ಟುವವಳು ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಕುಳಿತರೆ ಬೀಡಿ ಕಟ್ಟುವುದು ಯಾವಾಗ?

ಮನೆಯಲ್ಲೇ ಹೊಟ್ಟೆಯೊಳಗಿನ ಪೊರೆಯ ಮೂಲಕ ದ್ರವ ತುಂಬಿ ತೆಗೆಯುವ ಇನ್ನೊಂದು ವಿಧಾನವಿದೆ. ಯಂತ್ರವಿಲ್ಲದೆಯೂ ಆಗುತ್ತದೆ. ಹಾಂಗ್‌ಕಾಂಗ್ 1985ರಲ್ಲಿ, ಥಾಯ್ಲೆಂಡ್ 2008ರಲ್ಲಿ ಅದಕ್ಕೇ ಮೊದಲ ಆದ್ಯತೆ ಕೊಟ್ಟವು. ನಮ್ಮ ಸರಕಾರವೂ 2019ರಲ್ಲಿ ಅದಕ್ಕೆ ಮಾರ್ಗಸೂಚಿ ಹೊರಡಿಸಿತು. ಮಲೆನಾಡಿನ ಒಂಟಿಮನೆಯವರಿಗೆ ಅದು ವರವೇ ಆದೀತು. ಹತ್ತು ಜನ ಸಾಲಾಗಿ ಮಲಗುವ ಹೋಟೆಲಿನ ಮಾಳಿಗೆಯಲ್ಲಿ, ಸೋಂಕು ತಗಲದಂತೆ ದಿನಕ್ಕೆ ಮೂರುನಾಲ್ಕು ಸಲ ಚೀಲ ಬದಲಿಸುವುದು ಹೇಗೆಂದು ನಮಗೆ ಹೊಳೆಯುವುದಿಲ್ಲ. ಕಿಡ್ನಿ ಬದಲಾವಣೆ ಎಲ್ಲಕ್ಕಿಂತ ಉತ್ತಮ, ಸರಿ, ಕೊಡುವವರು ಬೇಕು. ಈ ದೇಶದಲ್ಲಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ಹೇಳಿ ಆ ವಿಷಯವನ್ನು ಇನ್ನೊಂದು ಸಂಚಿಕೆಗೆ ಬಿಡುತ್ತೇವೆ.

ಈಗ ಧಣಿಗಳ ಮಾತು.

ಸ್ವತಂತ್ರ ಭಾರತ ತನ್ನ ಕಾರ್ಮಿಕರಿಗಾಗಿ 1948ರಲ್ಲೇ ಮಾಡಿದ ಒಂದು ವ್ಯವಸ್ಥೆಯಿದೆ: ನೌಕರರ ರಾಜ್ಯ ವಿಮೆ, ಜನ ಇ.ಎಸ್.ಐ. ಎನ್ನುತ್ತಾರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲು ಅದರ ವ್ಯಾಪ್ತಿಗೆ ಬರುತ್ತದೆ. 2017ರಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ವಂತಿಗೆಯ ದರವನ್ನು ಇಳಿಸಿದರು: ಮಾಲಿಕನ ಪಾಲು ಶೇಕಡಾ 3.25, ಕಾರ್ಮಿಕನದು ಶೇಕಡಾ 0.75. 15,000 ರೂಪಾಯಿ ಸಂಬಳದವನಿಗೆ ಮಾಲಿಕ ಕಟ್ಟಬೇಕಾದದ್ದು ತಿಂಗಳಿಗೆ 487 ರೂಪಾಯಿ 50 ಪೈಸೆ. ಹುಡುಗನ ಸಂಬಳದಿಂದ ಹೋಗುವುದು 112 ರೂಪಾಯಿ 50 ಪೈಸೆ. ನಿಯಮದ ಪ್ರಕಾರ ಕೆಲವು ತಿಂಗಳು ಹೀಗೆ ಕಟ್ಟಿದವನಿಗೆ ಡಯಾಲಿಸಿಸ್ ಸಿಗುತ್ತದೆ, ಇ.ಎಸ್.ಐ. ಆಸ್ಪತ್ರೆಯಲ್ಲಿಲ್ಲದಿದ್ದರೆ ಅದು ಒಪ್ಪಂದ ಮಾಡಿಕೊಂಡ ಬೇರೆ ಆಸ್ಪತ್ರೆಯಲ್ಲಿ. ಕಾಯಿಲೆ ಬಿದ್ದ 91 ದಿನಗಳವರೆಗೆ ಸಂಬಳದ ಶೇಕಡಾ 70 ಭಾಗವೂ ಸಿಗುತ್ತದೆ, ಕೆಲವು ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಇದರಲ್ಲಿ ಯಾವ ರಾಜ್ಯದವನೆಂದು ಕೇಳುವುದಿಲ್ಲ. ಪಡಿತರ ಚೀಟಿಯ ಬಣ್ಣವನ್ನೂ ಕೇಳುವುದಿಲ್ಲ. ಊರಿನಲ್ಲಿರುವ ಹೆಂಡತಿ ಮಕ್ಕಳಿಗೂ ಅನ್ವಯಿಸುತ್ತದೆ.

ನಾವು ಕೇಳುವುದಿಷ್ಟೇ: ಛಾಯಾಚಿತ್ರದಲ್ಲಿ ಶಾಲು ಹೊದ್ದು ನಿಂತವರಲ್ಲಿ ಎಷ್ಟು ಮಂದಿ ತಮ್ಮ ಹೋಟೆಲಿನ ಎಲ್ಲ ಹುಡುಗರ ಹೆಸರನ್ನೂ ಇ.ಎಸ್.ಐ.ನಲ್ಲಿ ಬರೆಸಿದ್ದಾರೆ? ಮ್ಯಾನೇಜರನ ಹೆಸರಿರುತ್ತದೆ, ಗಲ್ಲಾದವನದಿರುತ್ತದೆ, ಮುಖ್ಯ ಅಡಿಗೆಯವನದಿದ್ದೀತು. ಟೇಬಲ್ ಒರೆಸುವವನದು, ರುಬ್ಬುವವನದು, ಕಪ್ಪುಬಸಿ ತೊಳೆಯುವವನದು? ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು, ರಾತ್ರಿ ಮಾಳಿಗೆಯಲ್ಲಿ ಇಪ್ಪತ್ತನಾಲ್ಕು ಚಾಪೆ. ಇದು ನಮ್ಮ ಸಮಾಜದಲ್ಲಿ ಗುಟ್ಟೇನೂ ಅಲ್ಲ.

ಇದನ್ನು ನಾವು ಖಾಸಗಿಯಾಗಿ ಹಲವರಲ್ಲಿ ಎತ್ತಿದ್ದೇವೆ. ಒಬ್ಬ ಹಿರಿಯರು ಹೇಳಿದರು: "ಹುಡುಗರು ನಿಲ್ಲುವುದಿಲ್ಲ ಸ್ವಾಮಿ, ಇವತ್ತು ನಮ್ಮಲ್ಲಿ, ನಾಳೆ ಎದುರಿನವನಲ್ಲಿ. ಯಾರ ಹೆಸರಲ್ಲಿ ಕಟ್ಟುವುದು?" ವಿಮಾ ಸಂಖ್ಯೆ ಹುಡುಗನದು, ಹೋಟೆಲಿನದಲ್ಲ, ಎದುರಿನವನಲ್ಲಿಗೆ ಹೋದರೂ ಅದೇ ಸಂಖ್ಯೆ ಜೀವಮಾನವಿಡೀ ನಡೆಯುತ್ತದೆ. ಇನ್ನೊಬ್ಬರೆಂದರು, ಹುಡುಗರೇ ಸಂಬಳ ಮುರಿಯುವುದು ಬೇಡವೆನ್ನುತ್ತಾರೆ ಎಂದು. 112 ರೂಪಾಯಿ ಮುರಿದರೆ ಏನು ಸಿಗುತ್ತದೆಂದು ಕನ್ನಡದಲ್ಲಿ ಕುಳ್ಳಿರಿಸಿ ಹೇಳಿದವರು ಯಾರು? ಇನ್‌ಸ್ಪೆಕ್ಟರರ ಕಾಟ ಎಂದರು ಕೆಲವರು. ಕಾಟ ನಿಜ. ಆದರೆ ಪರವಾನಗಿಗೆ, ಗ್ಯಾಸಿಗೆ, ಫುಟ್‌ಪಾತಿಗೆ ಎದುರಿಸುವ ಕಾಟದ ಮುಂದೆ ಇದೇನು ಮಹಾ?

ಇ.ಎಸ್.ಐ. ಆಸ್ಪತ್ರೆಗೆ ಯಾರು ಹೋಗುತ್ತಾರೆ ಎಂಬ ಮಾತಿಗೆ ಮಾತ್ರ ನಾವು ಸುಲಭವಾಗಿ ಉತ್ತರ ಕೊಡಲಾರೆವು. ಅಂಧೇರಿಯ ಆಸ್ಪತ್ರೆಗೆ 2018ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ರೋಗಿಗಳು ಸತ್ತದ್ದನ್ನು ಈ ನಗರ ಮರೆತಿಲ್ಲ. ಔಷಧಾಲಯದಲ್ಲಿ ಸಾಲು, ಗುಮಾಸ್ತನ ಗದರಿಕೆ, ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿಗಾಗಿ ಅಲೆದಾಟ, ಎಲ್ಲ ಉಂಟು. ಆದರೂ ಒಂದು ಮಾತು. ಅಲೆದಾಡಿ ಸಿಗುವ ಡಯಾಲಿಸಿಸ್ ಬೇರೆ, ಹೆಸರೇ ಇಲ್ಲದ್ದರಿಂದ ಸಿಗದ ಡಯಾಲಿಸಿಸ್ ಬೇರೆ. ಮೊದಲನೆಯದಕ್ಕೆ ಜಗಳವಾಡಬಹುದು. ಜಗಳವಾಡಬಲ್ಲ ಸಂಘ ನಮ್ಮದು. ವಾರ್ಷಿಕೋತ್ಸವದ ನಾಟಕಕ್ಕೆ ಸಭಾಗೃಹ ಸಿಗದಿದ್ದಾಗ ನಾವು ಮಂತ್ರಾಲಯದವರೆಗೆ ಹೋಗಿ ಜಗಳವಾಡಿದವರು.

ಇನ್ನೊಂದು ಸಂಗತಿ, ಹೋಟೆಲಿನವರಿಗೇ ತಿಳಿಯುವಂಥದ್ದು. ಡಯಾಲಿಸಿಸಿಗಾಗಿ ಕೈಯಲ್ಲಿ ಶುದ್ಧ ಮತ್ತು ಅಶುದ್ಧ ರಕ್ತನಾಳಗಳನ್ನು ಹೊಲಿದು ಜೋಡಿಸುತ್ತಾರೆ. ಸಾಮಾನ್ಯವಾಗಿ ಬಲಗೈಯವರಿಗೆ ಎಡಗೈಯಲ್ಲಿ. ಮುಂದೆ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಒತ್ತಡ ಬೀಳುವಂತಿಲ್ಲ. ಸಪ್ಲೈಯರ್ ಐದು ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು ಬರುವುದು ಆ ಎಡಗೈಯ ಮೇಲೆಯೇ. ಆ ದಿನದಿಂದ ಅವನು ಸಪ್ಲೈಯರ್ ಅಲ್ಲ. ಆದರೆ ಟೋಕನ್ ಕೊಡಬಲ್ಲ, ಬಿಲ್ಲು ಬರೆಯಬಲ್ಲ, ಸಾಮಾನಿನ ಲೆಕ್ಕ ಇಡಬಲ್ಲ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕೆಲಸ ಮಾಡುವ ರೋಗಿಗಳು ಲೋಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವನಿಗೆ ಬೇಕಾದದ್ದು ಎರಡು ಮೂರು ದಿನ ನಾಲ್ಕೈದು ಗಂಟೆಯ ಬಿಡುವು ಮತ್ತು ಕುಳಿತು ಮಾಡುವ ಒಂದು ಕೆಲಸ. ಇದಕ್ಕೆ ಯಾವ ಕಾನೂನೂ ಬೇಡ. ಧಣಿಗಳಲ್ಲಿ ಹಲವರು ತಾವೇ ಹನ್ನೆರಡನೆಯ ವಯಸ್ಸಿಗೆ ಬೋಟಿನಲ್ಲೋ ಬಸ್ಸಿನಲ್ಲೋ ಈ ಊರಿಗೆ ಬಂದು, ಹಗಲು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು. ಆಗ ಅವರಿಗೆ ಸಂಜೆ ಬಿಡುವು ಕೊಟ್ಟ ಒಬ್ಬ ಮಾಲಿಕ ಇದ್ದನಲ್ಲವೇ? ನಮ್ಮ ಸನ್ಮಾನ ಸಮಾರಂಭಗಳಲ್ಲಿ ಅವನನ್ನು ನೆನೆದು ಕಣ್ಣೊರೆಸಿಕೊಳ್ಳದವರಿಲ್ಲ.

ಸಂಘದ ತಪ್ಪೂ ಕಡಿಮೆಯಲ್ಲ. ನಮ್ಮ ಸದಸ್ಯರಲ್ಲಿ ಬ್ಯಾಂಕುಗಳಿಂದ ನಿವೃತ್ತರಾದವರೇ ನೂರಾರು. ಅರ್ಜಿ ತುಂಬಿಸುವುದು, ದಾಖಲೆ ಜೋಡಿಸುವುದು, ಸಾಹೇಬರ ಮೇಜಿನ ಮುಂದೆ ಗಟ್ಟಿಯಾಗಿ ಕೂರುವುದು ಅವರಿಗೆ ಹುಟ್ಟುಗುಣ. ಅವರನ್ನು ನಾವು ಭಾಷಣ ಸ್ಪರ್ಧೆಯ ತೀರ್ಪುಗಾರರನ್ನಾಗಿ ಮಾಡಿ ಕೂರಿಸಿದ್ದೇವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇವೇ ಮೂತ್ರಪಿಂಡ ಕೆಡಲು ಮುಖ್ಯ ಕಾರಣಗಳು. ನೋವಿನ ಮಾತ್ರೆಗಳನ್ನು ತಿಂಡಿಯಂತೆ ತಿನ್ನುವುದೂ ಒಂದು. ಒಂದು ರಕ್ತಪರೀಕ್ಷೆ, ಒಂದು ಮೂತ್ರಪರೀಕ್ಷೆ ಮಾಡಿದರೆ ವರ್ಷಗಳ ಮೊದಲೇ ತಿಳಿಯುತ್ತದೆ, ಔಷಧದಿಂದ ತಡೆಯಬಹುದು ಇಲ್ಲವೇ ಮುಂದೂಡಬಹುದು. ನಾವು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತೇವೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹೋಟೆಲಿನಲ್ಲಿ ಉಸಿರಾಡಲೂ ಬಿಡುವಿಲ್ಲದ ಹೊತ್ತು ಅದು. ಶಿಬಿರಕ್ಕೆ ಬರುವವರು ನಾವು ನಾವೇ, ಪರಸ್ಪರ ಬಿ.ಪಿ. ನೋಡಿಸಿಕೊಂಡು ಉಪ್ಪಿಟ್ಟು ತಿಂದು ಹೋಗುತ್ತೇವೆ.

ಆದ್ದರಿಂದ ಇಷ್ಟನ್ನು ತೀರ್ಮಾನಿಸಿದ್ದೇವೆ. ಮುಂದಿನ ತಿಂಗಳಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಅಂದರೆ ಹೋಟೆಲಿನ ಎರಡು ಹೊತ್ತಿನ ನಡುವೆ, ಸಂಘದ ಕಚೇರಿಯಲ್ಲಿ ಇಬ್ಬರು ನಿವೃತ್ತರು ಕೂರುತ್ತಾರೆ. ವಿಮೆ, ಚೀಟಿ, ಅರ್ಜಿ ಯಾವುದಿದ್ದರೂ ಹುಡುಗರು ಬರಲಿ. ಪರೀಕ್ಷೆಯ ಶಿಬಿರವೂ ಅದೇ ಹೊತ್ತಿಗೆ. ಇನ್ನು ಮೇಲೆ ಯಂತ್ರದಾನದ ಚಿತ್ರ ಕಳಿಸುವ ಮಹನೀಯರು ತಮ್ಮ ಸಂಸ್ಥೆಯಲ್ಲಿ ದುಡಿಯುವವರೆಷ್ಟು, ವಿಮೆಯಲ್ಲಿ ಹೆಸರಿರುವವರೆಷ್ಟು ಎಂಬ ಎರಡು ಸಂಖ್ಯೆಗಳನ್ನೂ ಕಳಿಸಬೇಕು. ಚಿತ್ರದ ಕೆಳಗೆ ಅದನ್ನೂ ಅಚ್ಚುಹಾಕುತ್ತೇವೆ. ಕಳಿಸದಿದ್ದರೆ ಚಿತ್ರವೂ ಇಲ್ಲ.

ಕೊನೆಯ ಪುಟದ ವಿನಂತಿಯನ್ನು ಅಚ್ಚಿಗೆ ಹೋಗುವ ಮುಂಚೆಯೇ ಕೆಲವರು ಕೇಳಿ ತಿಳಿದು ಹಣ ಕಳಿಸಿದ್ದಾರೆ. ಆ ಹುಡುಗನ ಮಾಲಿಕರೂ 11,000 ರೂಪಾಯಿ ಕಳಿಸಿದ್ದಾರೆ. ಅವರಿಗೆ ರಶೀದಿ ಕಳಿಸಿದ್ದೇವೆ. ಜೊತೆಗೆ, ಅವರ ಹೋಟೆಲಿನಲ್ಲಿರುವ ಉಳಿದ ಇಪ್ಪತ್ತಮೂರು ಹುಡುಗರ ವಿಮಾ ಸಂಖ್ಯೆ ತಿಳಿಸಬೇಕೆಂದು ಒಂದು ಪತ್ರವನ್ನೂ ಇಟ್ಟಿದ್ದೆವು. ರಶೀದಿ ತಲುಪಿತೆಂದು ಫೋನು ಬಂದಿದೆ. ಪತ್ರದ ಮಾತು ಇನ್ನೂ ಬಂದಿಲ್ಲ.